ಒಂದು ಗಣಕ, ಎರಡು ಡೆಸ್ಕ್‌ಟಾಪ್: ಮಂಡ್ಯದ ಡಿಟಿಪಿ ಅಂಗಡಿಯೊಂದರ ಪ್ರಕರಣ ಅಧ್ಯಯನ

ಹಿನ್ನೆಲೆ

ಮಂಡ್ಯದ ಗುತ್ತಲು ರಸ್ತೆಯ ಒಂದು ಚಿಕ್ಕ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿಯಲ್ಲಿ ಇರುವುದು ಒಂದೇ ಕಂಪ್ಯೂಟರ್, ಅದನ್ನು ಬಳಸುವವರು ಮೂವರು. ಬೆಳಗಿನಿಂದ ಊಟದ ಹೊತ್ತಿನವರೆಗೆ ಒಡತಿ ಕೌಂಟರಿನಲ್ಲಿ ಕುಳಿತು ಅರ್ಜಿ ತುಂಬಿಕೊಡುತ್ತಾರೆ, ಪಹಣಿ ತೆಗೆದುಕೊಡುತ್ತಾರೆ, ಪಿಡಿಎಫ್ ಕಡತಗಳನ್ನು ಮುದ್ರಿಸಿಕೊಡುತ್ತಾರೆ. ಮಧ್ಯಾಹ್ನ ನಿವೃತ್ತ ಕನ್ನಡ ಮೇಷ್ಟ್ರೊಬ್ಬರು ಬಂದು ಲಗ್ನಪತ್ರಿಕೆ, ಗೃಹಪ್ರವೇಶದ ಆಹ್ವಾನ, ಸಹಕಾರ ಸಂಘಗಳ ವಾರ್ಷಿಕ ವರದಿ ಇವುಗಳನ್ನು ಬೆರಳಚ್ಚು ಮಾಡಿ ಕರಡು ತಿದ್ದುತ್ತಾರೆ. ಸಂಜೆ ಒಡತಿಯ ಅಕ್ಕನ ಮಗ, ಡಿಪ್ಲೊಮಾ ಓದುತ್ತಿರುವ ಹುಡುಗ, ಅಂಗಡಿ ನೋಡಿಕೊಳ್ಳುತ್ತ ತನ್ನ ಪ್ರೋಗ್ರಾಮಿಂಗ್ ಅಭ್ಯಾಸವನ್ನೂ ಅದೇ ಯಂತ್ರದಲ್ಲಿ ಮಾಡಿಕೊಳ್ಳುತ್ತಾನೆ.

ಯಂತ್ರ ಹಳೆಯದು, 4 ಜಿಬಿ ಮೆಮೊರಿಯದು. ಅದಕ್ಕೆ 2023ರ ಜೂನ್‌ನಲ್ಲಿ ಬಿಡುಗಡೆಯಾದ ಡೆಬಿಯನ್ 12 ಎಂಬ ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆಯನ್ನೂ, ಮೆನು, ಕಿಟಕಿಗಳನ್ನೆಲ್ಲ ತೋರಿಸುವ ಪರದೆಯ ಏರ್ಪಾಡಾಗಿ ಅದರ ಜೊತೆಗೆ ಬರುವ ಎಕ್ಸ್‌ಎಫ್‌ಸಿಇ 4.18 ಡೆಸ್ಕ್‌ಟಾಪನ್ನೂ ಹಾಕಿಕೊಟ್ಟವನು ನಾನು. ಮೂವರಿಗೂ ಸೇರಿ ಒಂದೇ ಬಳಕೆದಾರ ಖಾತೆ ಇತ್ತು. ಚಿಕ್ಕ ಅಂಗಡಿಗೆ ಅಷ್ಟು ಸಾಕೆಂದು ಆಗ ನನಗೆ ತೋರಿತ್ತು. ಒಂದು ವರ್ಷಕ್ಕೂ ಮೀರಿ ಯಾವ ತಕರಾರೂ ಬರಲಿಲ್ಲ.

ಅನಂತರ ಒಂದು ಸಂಜೆ ಹುಡುಗ ಫೋನ್ ಮಾಡಿದ. ಅವನಿಗೆ ಕೆಡಿಇ ಬಳಗದ ಪ್ಲಾಸ್ಮಾ ಎಂಬ ಇನ್ನೊಂದು ಡೆಸ್ಕ್‌ಟಾಪ್ ಬೇಕಾಗಿತ್ತು. "ಅಣ್ಣ, ಅದನ್ನ ಹಾಕ್ಕಂಡ್ರೆ ಆಫೀಸು, ಬ್ರೌಸರು ಎಲ್ಲಾನೂ ಅದ್ರಲ್ಲಿ ಇನ್ನೊಂದ್ಸಲ ಇನ್‌ಸ್ಟಾಲ್ ಮಾಡ್ಬೇಕಾ?" ಎಂಬುದು ಅವನ ಪ್ರಶ್ನೆ. ಬೇಕಾಗಿಲ್ಲ, ಇಲ್ಲಿರುವುದೆಲ್ಲ ಅಲ್ಲೂ ಸಿಗುತ್ತದೆ, ಅಲ್ಲಿಯದು ಇಲ್ಲೂ ಸಿಗುತ್ತದೆ ಎಂದು ಹೇಳಿ ಫೋನ್ ಇಟ್ಟೆ. ಈ ಉತ್ತರ ಸುಳ್ಳಾಗಿರಲಿಲ್ಲ, ಆದರೆ ಅರ್ಧವಾಗಿತ್ತು. ಉಳಿದ ಅರ್ಧವನ್ನು ಹೇಳದೆ ಬಿಟ್ಟದ್ದರ ಫಲವಾಗಿ ಮೂರೇ ದಿನಕ್ಕೆ ನಾನು ಅಂಗಡಿಗೆ ಹೋಗಬೇಕಾಯಿತು.

ದೂರುಗಳು

ಮೇಷ್ಟ್ರ ದೂರು ಎಲ್ಲಕ್ಕಿಂತ ಗಂಭೀರವಾಗಿತ್ತು: "ಮೂಲೇಲಿ ಕನ್ನಡ ಅಂತಲೇ ತೋರಿಸ್ತದೆ, ಹೊಡುದ್ರೆ ಇಂಗ್ಲಿಷೇ ಬತ್ತದೆ." ಒಡತಿಯ ದೂರು ಎರಡು. ಪಿಡಿಎಫ್ ಕಡತವನ್ನು ಒತ್ತಿದರೆ ಅವರಿಗೆ ಅಭ್ಯಾಸವಿದ್ದ, ಪಿಡಿಎಫ್ ತೋರಿಸುವ ಅಟ್ರಿಲ್ ತಂತ್ರಾಂಶದ ಬದಲು ಬೇರೆ ಕಿಟಕಿ ತೆರೆದುಕೊಳ್ಳುತ್ತಿತ್ತು. ಕೌಂಟರಿನ ಮುಂದೆ ಜನ ನಿಂತಿರುವಾಗ ಮುದ್ರಣದ ಗುಂಡಿಯನ್ನು ಹುಡುಕುತ್ತ ಕೂರುವುದು ಅವರಿಗೆ ಸಾಧ್ಯವಿರಲಿಲ್ಲ. ಎರಡನೆಯದಾಗಿ, ಒಂದು ದಿನ ಹುಡುಗ ಬಿಟ್ಟುಹೋಗಿದ್ದ ಪ್ಲಾಸ್ಮಾದಲ್ಲೇ ಅವರು ಕ್ರೋಮಿಯಂ ಬ್ರೌಸರನ್ನು ತೆರೆದಾಗ ಉಳಿಸಿಟ್ಟಿದ್ದ ಪಾಸ್‌ವರ್ಡುಗಳು ಒಂದೂ ಕಾಣಲಿಲ್ಲ. ಉಳಿದಂತೆ ಮೆನುವಿನಲ್ಲಿ ಎರಡು ಟರ್ಮಿನಲ್, ಎರಡು ಕಡತ ನಿರ್ವಾಹಕ, ಚಿತ್ರ ನೋಡಲು ಎರಡು ಸಾಧನ ಇವು ಬಂದು ಕುಳಿತಿದ್ದವು.

ಹುಡುಗನ ದೂರು ಏನೂ ಇರಲಿಲ್ಲ. ಅವನ ಪ್ಲಾಸ್ಮಾ ಚೆನ್ನಾಗಿಯೇ ನಡೆಯುತ್ತಿತ್ತು.

ಯಾವುದು ತಾನಾಗಿ ಎರಡೂ ಕಡೆ ಸಿಗುತ್ತದೆ

ಲಿನಕ್ಸ್ ಗಣಕದಲ್ಲಿ ಒಂದು ಅನ್ವಯ ತಂತ್ರಾಂಶವನ್ನು ಸ್ಥಾಪಿಸಿದಾಗ ಅದು ಯಾವುದೋ ಒಂದು ಡೆಸ್ಕ್‌ಟಾಪಿನ ಸ್ವತ್ತಾಗುವುದಿಲ್ಲ. ಅದು ಡಿಸ್ಕಿನಲ್ಲಿ ಎಲ್ಲರಿಗೂ ಸಾಮಾನ್ಯವಾದ ಸ್ಥಳದಲ್ಲಿ ಒಂದೇ ಪ್ರತಿಯಾಗಿ ಕೂರುತ್ತದೆ. ಜೊತೆಗೆ ತನ್ನ ಹೆಸರು, ಚಿಹ್ನೆ, ತಾನು ತೆರೆಯಬಲ್ಲ ಕಡತದ ಬಗೆಗಳು, ತನ್ನನ್ನು ಓಡಿಸುವ ಆಜ್ಞೆ ಇಷ್ಟನ್ನೂ ಬರೆದ ಒಂದು ಪುಟ್ಟ ಪಠ್ಯ ಕಡತವನ್ನು, ಹೆಸರಿನ ಕೊನೆಯಲ್ಲಿ 'ಡಾಟ್ ಡೆಸ್ಕ್‌ಟಾಪ್' ಎಂದಿರುವಂಥದ್ದನ್ನು, ಎಲ್ಲ ಡೆಸ್ಕ್‌ಟಾಪುಗಳೂ ಓದುವ 'ಅಪ್ಲಿಕೇಷನ್ಸ್' ಎಂಬ ಒಂದೇ ಫೋಲ್ಡರಿನಲ್ಲಿ ಇಡುತ್ತದೆ. ಎಕ್ಸ್‌ಎಫ್‌ಸಿಇಯ ಮೆನುವೂ ಪ್ಲಾಸ್ಮಾದ ಮೆನುವೂ ತಯಾರಾಗುವುದು ಅದೇ ಫೋಲ್ಡರಿನ ಕಡತಗಳಿಂದ.

ಈ ಏರ್ಪಾಡು ಮೊದಲಿನಿಂದ ಇದ್ದದ್ದಲ್ಲ. ಕೆಡಿಇ 1996ರಲ್ಲಿ ಆರಂಭವಾಯಿತು. ಅದು ನೆಚ್ಚಿಕೊಂಡಿದ್ದ ಕಿಟಕಿ, ಗುಂಡಿಗಳನ್ನು ಕಟ್ಟಲು ಬಳಸುವ ಕ್ಯೂಟಿ ಎಂಬ ಉಪಕರಣ ಸಂಗ್ರಹದ ಪರವಾನಗಿ ಆಗ ಮುಕ್ತವಾಗಿರಲಿಲ್ಲ ಎಂಬ ಕಾರಣಕ್ಕೆ 1997ರಲ್ಲಿ ಗ್ನೋಮ್ ಎಂಬ ಇನ್ನೊಂದು ಡೆಸ್ಕ್‌ಟಾಪ್ ಹುಟ್ಟಿಕೊಂಡಿತು. ಗ್ನೋಮ್ ಆರಿಸಿಕೊಂಡ ಜಿಟಿಕೆ ಸಂಗ್ರಹವಾದರೂ ಗಿಂಪ್ ಎಂಬ ಚಿತ್ರ ತಿದ್ದುವ ತಂತ್ರಾಂಶಕ್ಕಾಗಿ ಬರೆದದ್ದು. ಎರಡೂ ಬಣಗಳು ತಮ್ಮ ತಮ್ಮ ಮೆನು, ತಮ್ಮ ತಮ್ಮ ಸಂದೇಶ ವಿನಿಮಯದ ದಾರಿ ಕಟ್ಟಿಕೊಂಡು ಸಾಗುತ್ತಿದ್ದಾಗ, 2000ದಲ್ಲಿ ಹಾವಕ್ ಪೆನ್ನಿಂಗ್ಟನ್ ಆರಂಭಿಸಿದ ಫ್ರೀಡೆಸ್ಕ್‌ಟಾಪ್ ಎಂಬ ವೇದಿಕೆಯಲ್ಲಿ ಇಂಥ ಸಂಗತಿಗಳಿಗೆ ಸಾಮಾನ್ಯ ನಿಯಮಗಳು ರೂಪುಗೊಂಡವು. ಒಡತಿ ದಿನಾ ಬಳಸುತ್ತಿದ್ದ ಅಟ್ರಿಲ್ ಕೂಡ ಎಕ್ಸ್‌ಎಫ್‌ಸಿಇಯದಲ್ಲ, ಮಾಟೆ ಎಂಬ ಬೇರೊಂದು ಡೆಸ್ಕ್‌ಟಾಪಿನ ಮನೆಯದು. ಅಂದರೆ ಪ್ಲಾಸ್ಮಾ ಬರುವುದಕ್ಕೆ ಮೊದಲೇ ಆ ಅಂಗಡಿ ಬೇರೆ ಡೆಸ್ಕ್‌ಟಾಪಿನ ತಂತ್ರಾಂಶವನ್ನು ಬಳಸುತ್ತಿತ್ತು, ಅದು ಯಾರಿಗೂ ಗೊತ್ತಾಗಿರಲಿಲ್ಲ.

ಹೀಗಾಗಿ ತಂತ್ರಾಂಶವನ್ನು ಹಂಚಿಕೊಳ್ಳಲು ಯಾರೂ ಏನೂ ಮಾಡಬೇಕಾಗಿಲ್ಲ. ನಾನು ಹುಡುಗನಿಗೆ ಹೇಳದೆ ಬಿಟ್ಟ ಅರ್ಧವೆಂದರೆ, ಒಂದೇ ಖಾತೆಯಲ್ಲಿ ಎರಡು ಡೆಸ್ಕ್‌ಟಾಪ್ ನಡೆಸಿದಾಗ ತಂತ್ರಾಂಶದ ಜೊತೆಗೆ ನಮ್ಮ ಆಯ್ಕೆಗಳೂ ಕೆಲವು ಕಡೆ ಹಂಚಿಕೆಯಾಗಿಬಿಡುತ್ತವೆ, ಹಂಚಿಕೆಯಾಗಲೆಂದು ನಾವು ಬಯಸುವ ಕೆಲವು ಮಾತ್ರ ಆಗುವುದಿಲ್ಲ ಎಂಬುದು. ಮೂರು ದೂರುಗಳೂ ಹುಟ್ಟಿದ್ದು ಅಲ್ಲಿಂದಲೇ.

ಕನ್ನಡ ನಿಂತುಹೋದ ಬಗೆ

ಮೇಷ್ಟ್ರು ಬಳಸುವುದು ಕೆ.ಪಿ. ರಾವ್ ಕೀಲಿಮಣೆ ವಿನ್ಯಾಸ, 'ನುಡಿ' ತಂತ್ರಾಂಶದಲ್ಲಿ ಕೈ ಪಳಗಿಸಿಕೊಂಡವರಿಗೆ ಅದೇ ಬೇಕು. ಲಿನಕ್ಸಿನಲ್ಲಿ ಅದನ್ನು ಕೆಜಿಪಿ ಎಂಬ ಹೆಸರಿನಲ್ಲಿ ಒದಗಿಸುವುದು ಎಂ17ಎನ್ ಎಂಬ ಗ್ರಂಥಾಲಯ, ಅಂದರೆ ಬೇರೆ ತಂತ್ರಾಂಶಗಳು ಬಳಸಿಕೊಳ್ಳುವ ಸಿದ್ಧ ಸಂಗ್ರಹ. ಆದರೆ ಆ ಗ್ರಂಥಾಲಯ ತಾನೇ ನೇರವಾಗಿ ಬರವಣಿಗೆಯ ಕಿಟಕಿಗೆ ಅಕ್ಷರ ಕಳಿಸುವುದಿಲ್ಲ. ಕೀಲಿಮಣೆಗೂ ತಂತ್ರಾಂಶಕ್ಕೂ ನಡುವೆ ಒಬ್ಬ ಮಧ್ಯವರ್ತಿ ಬೇಕು. ನಾನು ಇಟ್ಟಿದ್ದ ಮಧ್ಯವರ್ತಿ ಐಬಸ್. ಲಾಗಿನ್ ಆದೊಡನೆ ಅದು ತಾನಾಗಿ ಆರಂಭವಾಗುವಂತೆ ಎಕ್ಸ್‌ಎಫ್‌ಸಿಇಯ ಆರಂಭಪಟ್ಟಿಯಲ್ಲಿ ಸೇರಿಸಿದ್ದೆ.

ಪ್ಲಾಸ್ಮಾ ಹಾಕಿದ ಹುಡುಗ ಎಲ್ಲೋ ಓದಿ, ಅದಕ್ಕೆ ಎಫ್‌ಸಿಟಿಎಕ್ಸ್ 5 ಎಂಬ ಇನ್ನೊಂದು ಮಧ್ಯವರ್ತಿ ಚೆನ್ನಾಗಿ ಹೊಂದುತ್ತದೆಂದು ಅದನ್ನೂ ಸ್ಥಾಪಿಸಿದ. ಅವನು ಓದಿದ್ದು ತಪ್ಪೇನಲ್ಲ. ಅನಂತರ ಡೆಬಿಯನ್ನಿನಲ್ಲಿ ಮಧ್ಯವರ್ತಿಯನ್ನು ಆರಿಸಲೆಂದೇ ಇರುವ ಐಎಂ-ಕಾನ್ಫಿಗ್ ಎಂಬ ಸಾಧನವನ್ನು ತೆರೆದು ಎಫ್‌ಸಿಟಿಎಕ್ಸ್ ಎಂದು ಆರಿಸಿದ. ಆ ಸಾಧನ ತನ್ನ ನಿರ್ಧಾರವನ್ನು ಬರೆದಿಡುವುದು ಬಳಕೆದಾರನ ಮನೆ ಫೋಲ್ಡರಿನಲ್ಲಿರುವ (ಆ ಖಾತೆಯ ಸ್ವಂತ ಕಡತಗಳ ಜಾಗದಲ್ಲಿರುವ) ಒಂದು ಅಡಗಿದ ಕಡತದಲ್ಲಿ. ಅದರಲ್ಲಿ ಡೆಸ್ಕ್‌ಟಾಪಿನ ಹೆಸರಿಗೆ ಜಾಗವಿಲ್ಲ. ಮಾರನೆಯ ಮಧ್ಯಾಹ್ನ ಮೇಷ್ಟ್ರು ಎಕ್ಸ್‌ಎಫ್‌ಸಿಇಗೆ ಬಂದಾಗ, ಜಿಟಿಕೆ ಮತ್ತು ಕ್ಯೂಟಿ ತಂತ್ರಾಂಶಗಳೆರಡಕ್ಕೂ 'ಅಕ್ಷರವನ್ನು ಎಫ್‌ಸಿಟಿಎಕ್ಸಿನಿಂದ ಪಡೆಯಿರಿ' ಎಂದು ಹೇಳುವ ಪರಿಸರ ಚರಗಳು ಅಲ್ಲಿಯೂ ಜಾರಿಗೆ ಬಂದಿದ್ದವು. ಐಬಸ್ ಕೂಡ ಹಳೆಯ ಆರಂಭಪಟ್ಟಿಯ ಪ್ರಕಾರ ಎದ್ದು ಕುಳಿತು ಮೂಲೆಯಲ್ಲಿ ಕನ್ನಡವೆಂದು ತೋರಿಸುತ್ತಿತ್ತು, ಆದರೆ ಅದರ ಮಾತನ್ನು ಕೇಳುವವರು ಯಾರೂ ಇರಲಿಲ್ಲ. ಕೇಳಿಸಿಕೊಳ್ಳುತ್ತಿದ್ದ ಎಫ್‌ಸಿಟಿಎಕ್ಸಿಗೆ ಹುಡುಗ ಇಂಗ್ಲಿಷ್ ಬಿಟ್ಟು ಬೇರೇನನ್ನೂ ಸೇರಿಸಿರಲಿಲ್ಲ.

ಇಲ್ಲಿ ನಾನು ಒಂದು ತಪ್ಪು ಮಾಡಿದೆ. ಮೇಷ್ಟ್ರ ಕೆಲಸ ನಿಂತಿದೆಯೆಂಬ ಅವಸರದಲ್ಲಿ ಅದೇ ಸಾಧನದಿಂದ ಆಯ್ಕೆಯನ್ನು ಐಬಸ್‌ಗೆ ಹಿಂತಿರುಗಿಸಿ, ಲಾಗ್ಔಟ್ ಮಾಡಿ ಮತ್ತೆ ಲಾಗಿನ್ ಆಗಿ, ಕನ್ನಡ ಬಂದದ್ದನ್ನು ನೋಡಿ ಮನೆಗೆ ಹೊರಟೆ. ಸಂಜೆ ಹುಡುಗ ಬಂದು ಪ್ಲಾಸ್ಮಾ ತೆರೆದವನು, ತಾನು ಹೊಂದಿಸಿದ್ದು ಹೋಯಿತೆಂದು ಮತ್ತೆ ಎಫ್‌ಸಿಟಿಎಕ್ಸ್ ಆರಿಸಿದ. ಮಾರನೆಯ ದಿನ ಮೇಷ್ಟ್ರ ಫೋನು ಬಂತು. ಒಂದೇ ಕಡತವನ್ನು ಇಬ್ಬರು ಸರದಿಯ ಮೇಲೆ ತಿದ್ದುತ್ತಿದ್ದರೆ ಅದು ದುರಸ್ತಿಯಾಗುವುದಿಲ್ಲ ಎಂಬುದು ನನಗೆ ಆಗಲೇ ಹೊಳೆಯಬೇಕಾಗಿತ್ತು.

ಎರಡನೆಯ ಭೇಟಿಯಲ್ಲಿ ದಾರಿ ಬದಲಿಸಿದೆ. ಎಂ17ಎನ್ ಗ್ರಂಥಾಲಯ ಎರಡೂ ಮಧ್ಯವರ್ತಿಗಳಿಗೆ ಸಾಮಾನ್ಯವಾದದ್ದು. ಐಬಸ್‌ಗೆ ಒಂದು ಕೊಂಡಿ, ಎಫ್‌ಸಿಟಿಎಕ್ಸಿಗೆ ಒಂದು ಕೊಂಡಿ ಎಂದು ಡೆಬಿಯನ್ನಿನಲ್ಲಿ ಪ್ರತ್ಯೇಕ ಪೊಟ್ಟಣಗಳಿವೆ (ಪ್ಯಾಕೇಜುಗಳು). ಎರಡನೆಯದನ್ನು ಸ್ಥಾಪಿಸಿದರೆ ಅದೇ ಕೆಜಿಪಿ ವಿನ್ಯಾಸ ಎಫ್‌ಸಿಟಿಎಕ್ಸಿನಲ್ಲೂ ಸಿಗುತ್ತದೆ. ಯಾರ ಆಯ್ಕೆ ಉಳಿಯಬೇಕೆಂಬ ಪ್ರಶ್ನೆ ಬಗೆಹರಿಯುವವರೆಗೆ ಹಾಗೆಯೇ ಮಾಡಿ, ಮೇಷ್ಟ್ರಿಗೆ ಎಫ್‌ಸಿಟಿಎಕ್ಸಿನ ಮೂಲಕ ಕನ್ನಡ ಕೊಟ್ಟೆ, ಆರಂಭಪಟ್ಟಿಯಿಂದ ಐಬಸ್ ತೆಗೆದೆ. ಅವರು ಎರಡು ಸಾಲು ಬೆರಳಚ್ಚು ಮಾಡಿ ನೋಡಿ, ಒತ್ತಕ್ಷರ ಸರಿಯಾಗಿ ಬೀಳುತ್ತಿದೆ ಎಂದಷ್ಟೇ ಹೇಳಿದರು.

ಪಿಡಿಎಫ್ ಮತ್ತು ಪಾಸ್‌ವರ್ಡು

ಯಾವ ಬಗೆಯ ಕಡತವನ್ನು ಯಾವ ತಂತ್ರಾಂಶ ತೆರೆಯಬೇಕೆಂಬುದು ಬಳಕೆದಾರನ 'ಕಾನ್ಫಿಗ್' ಫೋಲ್ಡರಿನ 'ಮೈಮ್‌ಆ್ಯಪ್ಸ್ ಡಾಟ್ ಲಿಸ್ಟ್' ಎಂಬ ಕಡತದಲ್ಲಿ ದಾಖಲಾಗುತ್ತದೆ. ಇದನ್ನೂ ಎಲ್ಲ ಡೆಸ್ಕ್‌ಟಾಪುಗಳು ಓದುತ್ತವೆ. ಹುಡುಗ ಪ್ಲಾಸ್ಮಾದಲ್ಲಿ ಪಿಡಿಎಫ್‌ಗೆ ಕೆಡಿಇ ಬಳಗದ ಒಕುಲರ್ ಎಂಬ ತಂತ್ರಾಂಶವನ್ನು ನಿಗದಿ ಮಾಡಿದ್ದು ಒಡತಿಯ ಎಕ್ಸ್‌ಎಫ್‌ಸಿಇಗೂ ಹಾಗೆಯೇ ಅನ್ವಯಿಸಿತು. ಇದಕ್ಕೆ ನಿಯಮದಲ್ಲಿಯೇ ಪರಿಹಾರವಿದೆ: ಅದೇ ಕಡತದ ಹೆಸರಿನ ಮುಂದೆ ಡೆಸ್ಕ್‌ಟಾಪಿನ ಹೆಸರನ್ನು ಚಿಕ್ಕಕ್ಷರದಲ್ಲಿ ಸೇರಿಸಿ, ಎಕ್ಸ್‌ಎಫ್‌ಸಿಇಗೆ ಒಂದು, ಕೆಡಿಇಗೆ ಒಂದು ಎಂದು ಬೇರೆ ಬೇರೆ ಕಡತಗಳನ್ನು ಬರೆದಿಟ್ಟರೆ, ಆಯಾ ಡೆಸ್ಕ್‌ಟಾಪಿನಲ್ಲಿ ಮೊದಲು ಅದನ್ನು ನೋಡಿ ಆಮೇಲೆ ಸಾಮಾನ್ಯ ಕಡತವನ್ನು ನೋಡಲಾಗುತ್ತದೆ. ಎಕ್ಸ್‌ಎಫ್‌ಸಿಇಯ ಕಡತದಲ್ಲಿ ಪಿಡಿಎಫ್‌ಗೆ ಅಟ್ರಿಲ್ ಎಂದು ಒಂದು ಸಾಲು ಬರೆದೆ, ಒಡತಿಯ ಮೊದಲ ದೂರು ಮುಗಿಯಿತು.

ಆದರೆ ಇದರಲ್ಲಿ ಒಂದು ಸೂಕ್ಷ್ಮವಿದೆ, ಇದನ್ನು ಹೇಳದೆ ಆ ಕಡತವನ್ನು ಬರೆದುಕೊಡುವುದು ಸರಿಯಲ್ಲ. ಬಲಗುಂಡಿ ಒತ್ತಿ 'ಇದರಿಂದಲೇ ತೆರೆ' ಎಂದು ಬಳಕೆದಾರರು ಮುಂದೆ ಆಯ್ಕೆ ಬದಲಿಸಿದರೆ, ಜಿಟಿಕೆ ಬಳಗದ ತಂತ್ರಾಂಶಗಳು ಅದನ್ನು ಬರೆಯುವುದು ಸಾಮಾನ್ಯ ಕಡತಕ್ಕೆ. ಡೆಸ್ಕ್‌ಟಾಪ್ ಹೆಸರಿನ ಕಡತಕ್ಕೆ ಮೊದಲ ಮಣೆಯಾದ್ದರಿಂದ ಹೊಸ ಆಯ್ಕೆ ಉಳಿದಂತೆಯೇ ಕಾಣುವುದಿಲ್ಲ. ಎಷ್ಟು ಸಲ ಬದಲಿಸಿದರೂ ಹಳೆಯದೇ ಬರುತ್ತದೆ ಎಂದು ಯಾರಾದರೂ ಹೇಳಿದರೆ ಮೊದಲು ನೋಡಬೇಕಾದ ಜಾಗ ಇದು.

ಪಾಸ್‌ವರ್ಡಿನ ಕತೆ ಇದಕ್ಕೆ ತಿರುಗುಮುರುಗು. ಕ್ರೋಮಿಯಂ ತನ್ನ ಪಾಸ್‌ವರ್ಡು ಮತ್ತು ಕುಕಿಗಳನ್ನು ಗೂಢಲಿಪಿಯಲ್ಲಿ ಇಡುತ್ತದೆ, ಅದರ ಬೀಗದಕೈಯನ್ನು ತಾನು ಓಡುತ್ತಿರುವ ಡೆಸ್ಕ್‌ಟಾಪಿನ ತಿಜೋರಿಗೆ ಒಪ್ಪಿಸುತ್ತದೆ: ಪ್ಲಾಸ್ಮಾದಲ್ಲಿ ಕೆವಾಲೆಟ್, ಗ್ನೋಮ್ ಮತ್ತು ಎಕ್ಸ್‌ಎಫ್‌ಸಿಇಯಂಥ ಕಡೆ ಇದ್ದರೆ ಗ್ನೋಮ್ ಕೀರಿಂಗ್. ಒಂದೇ ಬ್ರೌಸರ್, ಒಂದೇ ಪ್ರೊಫೈಲ್, ಆದರೆ ಪ್ಲಾಸ್ಮಾದಲ್ಲಿ ತೆರೆದಾಗ ಅದು ಬೇರೆ ತಿಜೋರಿಯಲ್ಲಿ ಬೀಗದಕೈ ಹುಡುಕಿತು. ಪಾಸ್‌ವರ್ಡುಗಳು ಅಳಿದುಹೋಗಿರಲಿಲ್ಲ, ಎಕ್ಸ್‌ಎಫ್‌ಸಿಇಗೆ ಮರಳಿದಾಗ ಒಡತಿ ನಿಟ್ಟುಸಿರು ಬಿಟ್ಟರು. ಯಾವ ತಿಜೋರಿ ಎಂಬುದನ್ನು ಬ್ರೌಸರ್ ಆರಂಭಿಸುವ ಆಜ್ಞೆಯಲ್ಲೇ ಗೊತ್ತುಪಡಿಸಬಹುದು. ಫೈರ್‌ಫಾಕ್ಸ್ ಆದರೋ ಪಾಸ್‌ವರ್ಡು ಮತ್ತು ಬೀಗದಕೈ ಎರಡನ್ನೂ ತನ್ನ ಪ್ರೊಫೈಲಿನಲ್ಲೇ ಇಟ್ಟುಕೊಳ್ಳುವುದರಿಂದ ಅದಕ್ಕೆ ಡೆಸ್ಕ್‌ಟಾಪ್ ಬದಲಾದದ್ದು ತಿಳಿಯುವುದೇ ಇಲ್ಲ. ಎರಡು ಡೆಸ್ಕ್‌ಟಾಪ್ ಇರುವ ಯಂತ್ರದಲ್ಲಿ ಇದೇ ನೆಮ್ಮದಿಯೆಂದು ನನ್ನ ಅಭಿಪ್ರಾಯ. ಆದರೆ ಅದರಲ್ಲಿ ಮುಖ್ಯ ಪಾಸ್‌ವರ್ಡ್ ಇಡದಿದ್ದರೆ ಆ ಖಾತೆಗೆ ಕೈಹಾಕಬಲ್ಲವರು ಯಾರು ಬೇಕಾದರೂ ಪಾಸ್‌ವರ್ಡುಗಳನ್ನು ನೋಡಬಹುದು.

ನಿರ್ಧಾರ

ಪ್ಲಾಸ್ಮಾವನ್ನು ತೆಗೆದುಹಾಕಿಬಿಡೋಣ ಎಂಬುದು ಒಡತಿಯ ಮೊದಲ ಸಲಹೆಯಾಗಿತ್ತು. ಅದಕ್ಕೆ ಅಡ್ಡ ಬಂದವರು, ವಿಚಿತ್ರವೆಂದರೆ, ಮೇಷ್ಟ್ರು. ಪಿಡಿಎಫ್ ತಾನಾಗಿ ಒಕುಲರ್‌ನಲ್ಲಿ ತೆರೆದುಕೊಂಡ ಆ ಮೂರು ದಿನಗಳಲ್ಲಿ ಅವರು ಅದರ ಟಿಪ್ಪಣಿ ಸೌಲಭ್ಯವನ್ನು ಕಂಡುಕೊಂಡಿದ್ದರು: ಕರಡಿನ ಮೇಲೆ ಹಳದಿ ಗುರುತು ಎಳೆದು, ಪಕ್ಕದಲ್ಲಿ ತಿದ್ದುಪಡಿ ಬರೆದು, ಅದನ್ನು ಪಿಡಿಎಫ್‌ನೊಳಗೇ ಉಳಿಸಿ ಗಿರಾಕಿಗೆ ಕಳಿಸಬಹುದು. ಎಕ್ಸ್‌ಎಫ್‌ಸಿಇಯಲ್ಲಿಯೂ ಒಕುಲರ್ ಚೆನ್ನಾಗಿಯೇ ಓಡುತ್ತದೆ. ಮೊದಲ ಸಲ ತೆರೆಯುವಾಗ ಕೆಡಿಇ ಬಳಗದ ಗ್ರಂಥಾಲಯಗಳು ಮೆಮೊರಿಗೆ ಬರಬೇಕಾದ್ದರಿಂದ ಆ ಹಳೆಯ ಯಂತ್ರದಲ್ಲಿ ಒಂದಿಷ್ಟು ತಡವಾಗುತ್ತದೆ, ಅಷ್ಟೆ. ತೆಗೆಯುವ ಆಜ್ಞೆಯನ್ನು ನಾನು ನಿಜವಾಗಿ ಓಡಿಸದೆ ಅಣಕು ರೂಪದಲ್ಲಿ ಓಡಿಸಿ ನೋಡಿದಾಗ, ಪ್ಲಾಸ್ಮಾದ ಜೊತೆಗೆ ಬಂದಿದ್ದ ಒಕುಲರ್ ಕೂಡ 'ಇನ್ನು ಬೇಡವಾದವು' ಎಂಬ ಪಟ್ಟಿಯಲ್ಲಿತ್ತು. ಬೇಕಾದ ಪೊಟ್ಟಣವನ್ನು ಕೈಯಾರೆ ಸ್ಥಾಪಿಸಿದ್ದೆಂದು ಮೊದಲೇ ಗುರುತು ಹಾಕಿಡದೆ ಒಂದು ಡೆಸ್ಕ್‌ಟಾಪನ್ನು ಕಿತ್ತರೆ, ಇನ್ನೊಂದರಲ್ಲಿ ದಿನಾ ಬಳಸುತ್ತಿದ್ದ ತಂತ್ರಾಂಶವೂ ಜೊತೆಗೇ ಹೋಗಬಹುದು. ಹಂಚಿಕೆಯ ಈ ಮಗ್ಗುಲನ್ನು ಜನ ಮರೆಯುತ್ತಾರೆ.

ಒಂದೇ ಖಾತೆಯನ್ನು ಉಳಿಸಿಕೊಂಡು ಎಲ್ಲವನ್ನೂ ಡೆಸ್ಕ್‌ಟಾಪ್‌ವಾರು ಕಡತಗಳಿಂದ ಬೇರ್ಪಡಿಸುವುದು ಎರಡನೆಯ ದಾರಿ. ಮೈಮ್‌ಆ್ಯಪ್ಸ್ ಕಡತದ ಮಟ್ಟಿಗೆ ಅದು ನಡೆಯಿತು, ಮೆನುವಿನ ಮಟ್ಟಿಗೂ ನಡೆಯುತ್ತಿತ್ತು. ಆದರೆ ಮಧ್ಯವರ್ತಿಯ ಆಯ್ಕೆಗೆ ಅಂಥ ಸುಲಭದ ಏರ್ಪಾಡು ಇಲ್ಲ. ಅಲ್ಲದೆ ಜಿಟಿಕೆ ಕಿಟಕಿಗಳು ತನ್ನ ಬಣ್ಣಕ್ಕೆ ಹೊಂದಲೆಂದು ಪ್ಲಾಸ್ಮಾ ಮನೆ ಫೋಲ್ಡರಿನಲ್ಲಿ ಬರೆದಿಟ್ಟಿದ್ದ ಬಣ್ಣದ ಕಡತ ಎಕ್ಸ್‌ಎಫ್‌ಸಿಇಯ ಕಿಟಕಿಗಳನ್ನೂ ಬಳಿದಿತ್ತು. ಒಂದನ್ನು ಬಿಡಿಸಿದರೆ ಇನ್ನೊಂದು ಕಾಣುವ ಈ ಕೆಲಸಕ್ಕೆ ಕೊನೆಯಿಲ್ಲವೆನಿಸಿತು.

ಕೊನೆಗೆ ಹುಡುಗನಿಗೆ ಪ್ರತ್ಯೇಕ ಖಾತೆ ಮಾಡಿಕೊಟ್ಟೆ. ಅವನ ಪ್ಲಾಸ್ಮಾ, ಅವನ ಎಫ್‌ಸಿಟಿಎಕ್ಸ್, ಅವನ ಬಣ್ಣ ಅವನ ಮನೆ ಫೋಲ್ಡರಿನಲ್ಲಿ. ಅಂಗಡಿಯ ಖಾತೆಯಲ್ಲಿ ಎಕ್ಸ್‌ಎಫ್‌ಸಿಇ ಮತ್ತು ಮೇಷ್ಟ್ರ ಮೊದಲಿನ ಐಬಸ್. ತಂತ್ರಾಂಶಗಳು ಗಣಕಕ್ಕೆ ಸೇರಿದವಾದ್ದರಿಂದ ಎರಡೂ ಖಾತೆಗಳಿಗೆ ಒಂದೇ ಲಿಬ್ರೆ ಆಫೀಸ್, ಒಂದೇ ಒಕುಲರ್, ಒಂದೇ ಗಿಂಪ್. ಒಂದನ್ನೂ ಮತ್ತೆ ಸ್ಥಾಪಿಸಲಿಲ್ಲ. ನುಡಿ ಕಾಲದ ಹಳೆಯ ಕಡತಗಳನ್ನು ಬಿಟ್ಟರೆ ಉಳಿದ ಕೆಲಸಕ್ಕೆ ಬೇಕಾದ ಯೂನಿಕೋಡ್ ಫಾಂಟುಗಳಾದ ನವಿಲು ಮತ್ತು ಗುಬ್ಬಿ ಕೂಡ ಗಣಕದ ಸಾಮಾನ್ಯ ಸ್ಥಳದಲ್ಲೇ ಇದ್ದವು, ಹಾಗಾಗಿ ಹುಡುಗನ ಖಾತೆಯಲ್ಲೂ ತಾವಾಗಿ ಕಂಡವು. ಮೇಷ್ಟ್ರು ಅಂಗಡಿ ಖಾತೆಯ ಮನೆ ಫೋಲ್ಡರಿನಲ್ಲಿ ಹಾಕಿಕೊಂಡಿದ್ದ ಒಂದೆರಡು ಫಾಂಟುಗಳು ಮಾತ್ರ ಕಾಣಲಿಲ್ಲ. ಅವನ್ನು ಸಾಮಾನ್ಯ ಸ್ಥಳಕ್ಕೆ ನಕಲು ಮಾಡಬೇಕಾಯಿತು.

ಖಾತೆ ಎರಡಾದ ಮೇಲೆ ಗಿರಾಕಿಗಳ ಕಡತಗಳು ಇಬ್ಬರ ಕೈಗೂ ಸಿಗುವಂತೆ ಮಾಡುವುದು ಹೊಸ ಕೆಲಸವಾಯಿತು. ಎರಡೂ ಖಾತೆಗಳನ್ನು ಒಂದು ಗುಂಪಿಗೆ ಸೇರಿಸಿ, ಮನೆ ಫೋಲ್ಡರುಗಳ ಹೊರಗೆ ಒಂದು 'ಕೆಲಸ' ಫೋಲ್ಡರ್ ತೆರೆದು, ಅದರೊಳಗೆ ಹುಟ್ಟುವ ಕಡತಗಳೆಲ್ಲ ಆ ಗುಂಪಿಗೇ ಸೇರುವಂತೆ ಅನುಮತಿಯನ್ನು 2775 ಎಂದು ಇಟ್ಟೆ. ಇಷ್ಟಕ್ಕೇ ನಿಲ್ಲಿಸಿದರೆ ಸಾಲದು. ಗುಂಪಿನ ಹೆಸರು ಬಂದರೂ, ಹೊಸ ಕಡತಕ್ಕೆ ಯಾವ ಅನುಮತಿ ಬೇಡವೆಂದು ಹೇಳುವ, ಸಾಮಾನ್ಯವಾಗಿ ಇರುವ 022 ಎಂಬ ಮುಸುಕಿನಿಂದಾಗಿ ಹೊಸ ಕಡತವನ್ನು ಗುಂಪಿನವರು ಓದಬಹುದೇ ಹೊರತು ತಿದ್ದುವಂತಿಲ್ಲ. ಒಡತಿ ಬೆಳಿಗ್ಗೆ ಮಾಡಿದ ಪತ್ರಿಕೆಯನ್ನು ಹುಡುಗ ಸಂಜೆ ತಿದ್ದಲು ಹೋದರೆ ಓದಲು ಮಾತ್ರ ಎಂಬ ಸೂಚನೆ ಬರುತ್ತದೆ. ಫೋಲ್ಡರಿಗೆ ಪೂರ್ವನಿಯೋಜಿತ ಅನುಮತಿ ಪಟ್ಟಿಯನ್ನು ಸೆಟ್‌ಎಫ್‌ಎಸಿಎಲ್ ಆಜ್ಞೆಯಿಂದ ಬರೆದ ಮೇಲೆ ಅದು ಸರಿಹೋಯಿತು.

ಮೆನುವಿನ ಜೋಡಿಗಳನ್ನು ಕಡಿಮೆ ಮಾಡಲು, ಕೆಡಿಇಯ ಟರ್ಮಿನಲ್ ಮತ್ತು ಕಡತ ನಿರ್ವಾಹಕದ ಡೆಸ್ಕ್‌ಟಾಪ್ ಕಡತಗಳನ್ನು ಅಂಗಡಿ ಖಾತೆಯ ಸ್ವಂತ ಅಪ್ಲಿಕೇಷನ್ಸ್ ಫೋಲ್ಡರಿಗೆ ಅದೇ ಹೆಸರಿನಲ್ಲಿ ನಕಲಿಸಿ, 'ಎಕ್ಸ್‌ಎಫ್‌ಸಿಇಯಲ್ಲಿ ತೋರಿಸಬೇಡ' ಎಂಬ ಅರ್ಥದ ಸಾಲು ಸೇರಿಸಿದೆ. ಒಕುಲರ್‌ಗೆ ಹಾಗೆ ಮಾಡಲಿಲ್ಲ, ಅದು ಮೇಷ್ಟ್ರ ಮೆನುವಿನಲ್ಲಿದೆ.

ಈಗಿನ ಸ್ಥಿತಿ

ಉಳಿದಿರುವ ಕಟ್ಟುಪಾಡು ಒಂದೇ: ಖಾತೆ ಬದಲಿಸುವಾಗ 'ಬಳಕೆದಾರರನ್ನು ಬದಲಿಸು' ಎಂಬುದನ್ನು ಒತ್ತಬಾರದು, ಪೂರ್ತಿ ಲಾಗ್ಔಟ್ ಆಗಬೇಕು. ಡಿಸ್ಕಿನಲ್ಲಿ ಎರಡು ಡೆಸ್ಕ್‌ಟಾಪ್ ಇರುವುದರಿಂದ ಮೆಮೊರಿಗೆ ಹೊರೆಯಿಲ್ಲ, ಆದರೆ ಎರಡೂ ಏಕಕಾಲಕ್ಕೆ ತೆರೆದಿದ್ದರೆ ಎರಡು ಡೆಸ್ಕ್‌ಟಾಪ್ ಮತ್ತು ಎರಡು ಬ್ರೌಸರ್ 4 ಜಿಬಿಯಲ್ಲಿ ಹಿಡಿಸಬೇಕಾಗುತ್ತದೆ. ಹುಡುಗ ಮೊದಲ ವಾರ ಇದನ್ನು ಮರೆತ, ಯಂತ್ರ ಮಂದವಾಯಿತೆಂದು ಒಡತಿ ಒಮ್ಮೆ ಫೋನ್ ಮಾಡಿದರು, ಆಮೇಲೆ ಇಲ್ಲ.

2025ರ ಆಗಸ್ಟ್‌ನಲ್ಲಿ ಡೆಬಿಯನ್ 13 ಬಂದಿದೆ, ಅದರಲ್ಲಿ ಎಕ್ಸ್‌ಎಫ್‌ಸಿಇ 4.20, ಪ್ಲಾಸ್ಮಾ 6.3 ಇವೆ. ಮದುವೆಯ ಕಾಲ ಕಳೆಯುವವರೆಗೆ ಯಂತ್ರವನ್ನು ಮುಟ್ಟಬಾರದೆಂದು ಒಡತಿ ಹೇಳಿದ್ದಾರೆ. ನಾನು ನಕಲಿಸಿ ತಿದ್ದಿದ ಮೆನು ಕಡತಗಳು ಪೊಟ್ಟಣ ನವೀಕರಣವಾದಾಗ ತಾವಾಗಿ ಬದಲಾಗುವುದಿಲ್ಲ, ಮೇಲ್ದರ್ಜೆಗೇರಿಸುವ ದಿನ ಅವನ್ನು ಅಳಿಸಿ ಹೊಸದಾಗಿ ಮಾಡಬೇಕು. ಆ ಕಡತಗಳ ಹೆಸರನ್ನೂ, ಪಿಡಿಎಫ್‌ಗಾಗಿ ಬರೆದ ಕಡತದ ಹೆಸರನ್ನೂ ಮೇಷ್ಟ್ರು ಕೇಳಿ ಬರೆಸಿಕೊಂಡು, ಅಂಗಡಿಯ ಲೆಕ್ಕದ ಪುಸ್ತಕದ ಕೊನೆಯ ಹಾಳೆಗೆ ಅಂಟಿಸಿದ್ದಾರೆ.